ಹಿತ್ತಲಮ್ಮ ಕಟ್ಟಿದ ಹೋಟೆಲು

ಅವಳಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇತ್ತು. ಬ್ಯಾಂಕಿನವರಿಗೆ ಅದು ಗೊತ್ತಿತ್ತು, ತಂಗಿಗೆ ಸಿಟ್ಟು ಬಂದಾಗ ಬಾಯಿಗೆ ಬರುತ್ತಿತ್ತು. ಉಳಿದಂತೆ ಕಟ್ಟಡ ಕಟ್ಟುವವರ ಲೋಕದಲ್ಲಿ, ಗಾರೆ ಮೇಸ್ತ್ರಿಯಿಂದ ಹಿಡಿದು ಲಿಫ್ಟ್ ಕೂರಿಸುವವರವರೆಗೆ, ಎಲ್ಲರಿಗೂ ಅವಳು ಹಿತ್ತಲಮ್ಮ. ಎದುರಿಗೆ ಮೇಡಂ, ಬೆನ್ನು ತಿರುಗಿಸಿದರೆ ಹಿತ್ತಲಮ್ಮ. ಅವಳ ಕಿವಿಯೋ ಬಲು ಚುರುಕು. ಒಂದು ಸಲವಾದರೂ ಅದು ಕೇಳಿಸದೆ ಹೋದದ್ದಿಲ್ಲ.

ಆ ಹೆಸರಿಟ್ಟವರು ಮೇಷ್ಟ್ರು. ಶಾಲೆಯ ಮೇಷ್ಟ್ರಲ್ಲ, ಊರಿನ ದೊಡ್ಡ ಕಟ್ಟಡಗಳ ನಕ್ಷೆ ಬರೆದ ಆರ್ಕಿಟೆಕ್ಟ್. ಕೈಕೆಳಗೆ ಕೆಲಸ ಕಲಿತವರು ಹಾಗೆ ಕರೆದು ಕರೆದು ಊರಿಗೆಲ್ಲ ಅವರು ಮೇಷ್ಟ್ರಾದರು. ಹಳೆಯ ಪೇಟೆಯ ಅಂಚಿನ ಒಂದು ಓಣಿಯಲ್ಲಿ ಅವರ ಕಚೇರಿ. ನಕ್ಷೆ ಬರೆಯುವ ಕೋಣೆಗೆ ಒಂದು ಕಡೆ ಗೋಡೆಯೇ ಇಲ್ಲ, ನೆಲದಿಂದ ಸೂರಿನವರೆಗೆ ಕಿಟಕಿ. ಓಣಿಯಾಚೆ ಬಸ್ ಡಿಪೋದ ಬಯಲು, ಅದರ ಮೇಲೆ ಬರಿಯ ಆಕಾಶ. ಬಿಸಿಲು ಕಣ್ಣಿಗೆ ಹೊಡೆಯದೆ, ಕೈಯ ನೆರಳು ಕಾಗದದ ಮೇಲೆ ಬೀಳದೆ, ಬೆಳಗಿನಿಂದ ಸಂಜೆಯವರೆಗೆ ಒಂದೇ ಸಮನೆ ಬೆಳಕು. ಮೇಷ್ಟ್ರಿಗೆ ಆ ಬೆಳಕಿನ ಜಂಬ ಇಷ್ಟಿಷ್ಟಲ್ಲ. ಬಂದವರನ್ನೆಲ್ಲ ಕಿಟಕಿಯ ಮುಂದೆ ನಿಲ್ಲಿಸಿ, "ದೀಪ ಹಾಕದೆ ಕೆಲಸ ಮಾಡೋ ಕಚೇರಿ ಈ ಊರಲ್ಲಿ ಇದೊಂದೇ" ಎನ್ನುತ್ತಿದ್ದರು.

ಕಾಲೇಜು ಮುಗಿಸಿ ಅವಳು ನೇರ ಅಲ್ಲಿಗೇ ಬಂದಳು. ಮೇಷ್ಟ್ರು ಕೆಲಸ ಹಂಚುವ ರೀತಿ ಹೀಗಿತ್ತು: ಮುಂಭಾಗ, ಮೆಟ್ಟಿಲು, ಕಮಾನು, ಅಂಗಳ ಗಂಡಸರಿಗೆ, ಅಡುಗೆಮನೆ, ಕಕ್ಕಸು, ಬಟ್ಟೆ ಒಗೆಯುವ ಕೋಣೆ, ಕಸ ಹಾಕುವ ಜಾಗ ಅವಳಿಗೆ. "ಹೆಣ್ಣುಮಕ್ಕಳಿಗೆ ಇದೆಲ್ಲ ಹುಟ್ಟುತ್ತಲೇ ಗೊತ್ತಿರುತ್ತೆ" ಎಂದರು. ಅವಳೋ ಹಾಲು ಕಾಯಿಸಲು ಇಟ್ಟರೆ ಉಕ್ಕಿಸದೆ ಇಳಿಸಿದವಳಲ್ಲ; ಮನೆಯಲ್ಲಿ ತಂಗಿ ಅವಳನ್ನು ಒಲೆಯ ಹತ್ತಿರ ಸೇರಿಸುತ್ತಲೇ ಇರಲಿಲ್ಲ. ಆದರೂ ತುಟಿ ಕಚ್ಚಿಕೊಂಡು ಕಲಿತಳು. ಎಂದಾದರೊಂದು ದಿನ ಮೇಷ್ಟ್ರು ತನಗೂ ಒಂದು ಕಮಾನು ಕೊಟ್ಟಾರು ಎಂದು ಕಾದಳು.

ಅಷ್ಟರಲ್ಲಿ ಊರಿಗೊಂದು ದೊಡ್ಡ ವಾಚನಾಲಯ ಆಗಬೇಕೆಂದು ನಕ್ಷೆಗಳ ಸ್ಪರ್ಧೆ ಕರೆದರು. ರಜಾದಿನಗಳನ್ನೆಲ್ಲ ಅದಕ್ಕೇ ಸುರಿದು ಅವಳು ಮನೆಯಲ್ಲಿ ಕೂತು ಒಂದು ನಕ್ಷೆ ಬರೆದಳು. ತಪ್ಪಿದ್ದರೆ ತಿದ್ದಲಿ ಎಂದು ಮೇಷ್ಟ್ರ ಕೈಗೆ ಕೊಟ್ಟಳು. ಮೇಷ್ಟ್ರು ತಿದ್ದಿದ್ದು ಒಂದನ್ನೇ, ಮೂಲೆಯಲ್ಲಿದ್ದ ಹೆಸರನ್ನು. ಬಹುಮಾನ ಅದಕ್ಕೇ ಬಂತು. ಸನ್ಮಾನದ ಸಭೆಯಲ್ಲಿ ಅವಳು ಎದ್ದು ನಿಂತು, "ಅದು ನಾನು ಬರೆದದ್ದು" ಎಂದಳು. ಮೇಷ್ಟ್ರು ಸಿಟ್ಟಾಗಲಿಲ್ಲ. ಮೈಕು ಹತ್ತಿರಕ್ಕೆ ಎಳೆದುಕೊಂಡು ನಕ್ಕರು.

"ಪಾಪ, ನಮ್ಮ ಹಿತ್ತಲಮ್ಮ! ಅಡುಗೆಮನೆ, ಕಕ್ಕಸು ಬಿಟ್ಟರೆ ಮುಂಬಾಗಿಲು ಯಾವ ಕಡೆ ಇರುತ್ತೆ ಅಂತಲೂ ಅವಳಿಗೆ ಗೊತ್ತಿಲ್ಲ. ಕೂತ್ಕೊಳಮ್ಮ, ಕಾಫಿ ಬರುತ್ತೆ."

ಸಭೆಗೆ ಸಭೆಯೇ ನಕ್ಕಿತು. ಎಲ್ಲರಿಗಿಂತ ಹೆಚ್ಚು ಹೊತ್ತು ನಕ್ಕವರು ಅವಳ ಪಕ್ಕದ ಮೇಜುಗಳಲ್ಲಿ ಕೂತು ದಿನಾ ಅವಳ ಪೆನ್ಸಿಲು ಎರವಲು ಪಡೆಯುತ್ತಿದ್ದವರು. ಅವಳು ಮರುದಿನದಿಂದ ಕೆಲಸಕ್ಕೆ ಹೋಗಲಿಲ್ಲ.

ಹೆಸರು ಮಾತ್ರ ಬೆನ್ನು ಬಿಡಲಿಲ್ಲ. ಕೈಗಡಿಯಾರ ರಿಪೇರಿ ಅಂಗಡಿಯ ಮೇಲಿನ ಮಹಡಿಯಲ್ಲಿ ಮುಂದಿನ ಕೋಣೆ ಕಚೇರಿ, ಹಿಂದಿನ ಕೋಣೆ ತಂಗಿಯೊಂದಿಗೆ ಸಂಸಾರ ಎಂದು ಅವಳು ಸ್ವಂತ ಕೆಲಸ ಶುರುಮಾಡಿದಳು. ಬಂದವರೆಲ್ಲ ಒಂದೇ ರಾಗ: "ಮುಂದಿನದನ್ನ ಬೇರೆಯವರು ನೋಡ್ಕೋತಾರೆ ಮೇಡಂ, ಹಿಂದಿನದು ನೀವು ಮಾಡಿಕೊಡಿ." ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆ ಅವಳದು, ಹಾಸ್ಟೆಲಿನ ಅಡುಗೆಮನೆ ಅವಳದು, ಹೋಟೆಲುಗಳ ಕಸದ ಅಂಗಳಗಳಂತೂ ಲೆಕ್ಕವಿಲ್ಲದಷ್ಟು. ಕೂದಲು ಬೆಳ್ಳಗಾಗುವ ಹೊತ್ತಿಗೆ ಆ ಕೆಲಸದಲ್ಲಿ ಅವಳನ್ನು ಮೀರಿಸುವವರು ಊರಲ್ಲಿ ಇರಲಿಲ್ಲ. ಯಾರಾದರೂ ಹಾಗೆಂದು ಹೊಗಳಿದರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ವಾಚನಾಲಯ ಇರುವ ರಸ್ತೆಯಲ್ಲಿ ಬಸ್ಸು ಹೋಗುತ್ತದೆ ಎಂದು ಒಂದು ಸ್ಟಾಪು ಮೊದಲೇ ಇಳಿದು ನಡೆದು ಹೋಗುತ್ತಿದ್ದಳು. ತಂಗಿ ಗೊಣಗುತ್ತಿದ್ದಳು, "ಆ ಮನುಷ್ಯ ನಿನ್ನನ್ನ ಯಾವತ್ತೋ ಮರೆತಿರ್ತಾನೆ. ನೀನು ಅವನನ್ನ ದಿನಾ ತಲೆಮೇಲೆ ಹೊತ್ಕೊಂಡು ತಿರುಗ್ತೀಯ."

ಹೀಗಿರುವಾಗ ಹೋಟೆಲುಗಳ ಧಣಿಯೊಬ್ಬ ಒಂದು ದಿನ ಮೆಟ್ಟಿಲು ಹತ್ತಿ ಬಂದ. ಅವನ ಹಳೆಯ ಹೋಟೆಲುಗಳ ಅಡುಗೆಮನೆಗಳೆಲ್ಲ ಅವಳು ಮಾಡಿದವೇ. ಏದುಸಿರು ಬಿಡುತ್ತ ಕುರ್ಚಿಯಲ್ಲಿ ಕೂತು ನಕ್ಷೆಯ ಸುರುಳಿಯೊಂದನ್ನು ಮೇಜಿನ ಮೇಲೆ ಉರುಳಿಸಿದ.

"ಬಸ್ ಡಿಪೋ ಜಾಗ ತಗೊಂಡಿದ್ದೀನಿ ಮೇಡಂ. ಅರ್ಧ ಹೋಟೆಲು, ಅರ್ಧ ಬಾಡಿಗೆಗೆ ಆಫೀಸು. ಈ ಸಲ ಪೂರ್ತಿ ನೀವೇ ಮಾಡ್ಬೇಕು. ದೊಡ್ಡೋರನ್ನ ಕರೆಸಿದ್ರೆ ಮುಂಭಾಗ ಅರಮನೆ ಥರ ಮಾಡ್ತಾರೆ, ಆಮೇಲೆ ಅಡುಗೆಮನೆಯಿಂದ ಊಟ ಟೇಬಲ್ಲಿಗೆ ಬರೋಷ್ಟರಲ್ಲಿ ಆರಿ ತಣ್ಣಗಾಗಿರುತ್ತೆ. ಬಾಗಿಲ ಪಕ್ಕ ಕಲ್ಲಿನ ಮೇಲೆ ನಿಮ್ಮ ಹೆಸರೇ ಕೆತ್ತಿಸ್ತೀನಿ."

ಹೆಸರು! ಇಷ್ಟು ವರ್ಷ ಕಾದದ್ದು ಅದಕ್ಕೇ. ಅವಳು ಸುರುಳಿ ಬಿಡಿಸಿದಳು. ಒಂದು ಕಡೆ ಹಳೆಯ ಪೇಟೆಯ ಚೌಕ, ಇನ್ನೊಂದು ಕಡೆ ದೊಡ್ಡ ರಸ್ತೆ, ಮೂರನೆಯ ಕಡೆ ಓಣಿ. ಓಣಿಯಾಚೆ ಒಂದು ಉದ್ದನೆಯ ಆಯತ. ಅಲ್ಲಿ ಏನೂ ಬರೆದಿರಲಿಲ್ಲ, ಬರೆಯುವ ಅಗತ್ಯವೂ ಅವಳಿಗಿರಲಿಲ್ಲ. ಮೇಷ್ಟ್ರ ಕಿಟಕಿ ನೋಡುತ್ತಿದ್ದ ಆಕಾಶವೆಲ್ಲ ಈಗ ಅವಳ ಮೇಜಿನ ಮೇಲೆ ಬಿದ್ದಿತ್ತು.

ಅವಳು ಅಂದಿನಿಂದ ಕೈತೊಳೆದುಕೊಂಡು ಆ ನಕ್ಷೆಯ ಹಿಂದೆ ಬಿದ್ದಳು. ಹಳೆಯ ಚೌಕದಲ್ಲಿ ನಿಂತು ನೋಡಿದರೆ ಹಳೆಯ ಮಾಡುಗಳ ಮೇಲೆ ಹೊಸದೇನೂ ಕಾಣಬಾರದು ಎಂಬುದು ಪೇಟೆಯ ಸಂರಕ್ಷಣಾ ಸಮಿತಿಯ ನಿಯಮ. ಹಾಗಾಗಿ ಚೌಕದ ಕಡೆ ಕಟ್ಟಡ ತಗ್ಗಿರಬೇಕು, ಎತ್ತರವೇನಿದ್ದರೂ ಹಿಂದೆ. ಚೌಕದ ಸುತ್ತ ಇದ್ದ ಕಲ್ಲಿನ ಕಮಾನುಸಾಲಿನ ಎತ್ತರವನ್ನೇ ಹಿಡಿದು ಅವಳು ಮುಂಭಾಗ ಮಾಡಿದಳು. ಒಳಗೊಂದು ಅಂಗಳ. ಪೆಟ್ಟಿಗೆ ಎಳೆದುಕೊಂಡು ಬರುವ ಅತಿಥಿಗಳಿಗೆ ಒಂದು ದಾರಿ, ಗಡಿಬಿಡಿಯಲ್ಲಿ ಓಡಿಬರುವ ಆಫೀಸಿನವರಿಗೆ ಇನ್ನೊಂದು. ಒಬ್ಬರ ಕಾಲು ಒಬ್ಬರು ತುಳಿಯುವಂತಿಲ್ಲ. ಮಧ್ಯಾಹ್ನ ಹೋಟೆಲಿನ ಊಟದ ಮನೆ ಆಫೀಸಿನವರಿಗೆ, ಸಂಜೆ ಆಫೀಸಿನವರು ಬಿಟ್ಟುಹೋದ ಕಾರಿನ ಜಾಗ ಹೋಟೆಲಿನವರಿಗೆ. ಎಷ್ಟು ವರ್ಷದಿಂದ ಕಟ್ಟಿಹಾಕಿದ್ದ ಕೈಯೋ, ಬಿಚ್ಚಿದ ಕೂಡಲೇ ಓಡಿತು. ಬರೆಯುವಾಗ ಅವಳು ಹಾಡು ಗುನುಗುತ್ತಿದ್ದುದನ್ನು ಕೇಳಿ ತಂಗಿ ಬಾಗಿಲಿಗೆ ಬಂದು ನಿಂತು ನೋಡಿದ್ದೂ ಉಂಟು.

ಅಷ್ಟು ಚೆಂದದ ಕಟ್ಟಡದಲ್ಲಿ ವಿಷ ಬೆರೆಸಿದ್ದು ಒಂದೇ ಕಡೆ. ಎತ್ತರದ ಭಾಗವನ್ನು ದೊಡ್ಡ ರಸ್ತೆಯ ಕಡೆ ಇಡಬಹುದಿತ್ತು, ಅದೇ ಸಹಜ. ಅವಳು ಇಟ್ಟದ್ದು ಓಣಿಯ ಮೇಲೆ, ಮೇಷ್ಟ್ರ ಕಿಟಕಿಗೆ ಎದುರಾಗಿ. ಹೋಟೆಲಿನ ಕೋಣೆಗಳಿಗೆ ರಸ್ತೆಯ ಗದ್ದಲ ಬೇಡ ಎಂದು ಕಾರಣ ಬರೆದಳು. ಕೇಳಿದವರು ಒಪ್ಪುವಂಥ ಕಾರಣವೇ. ರಟ್ಟಿನಲ್ಲಿ ಮಾದರಿ ಮಾಡಿ, ಬಗ್ಗಿ, ಮೇಷ್ಟ್ರ ಕಿಟಕಿ ಇರುವಲ್ಲಿ ಒಂದು ಕಣ್ಣಿಟ್ಟು ನೋಡಿದಳು. ಗೋಡೆ, ಗೋಡೆ, ಗೋಡೆ. ಮೇಲೆ ಸೀರೆಯ ಅಂಚಿನಷ್ಟು ಆಕಾಶ. ಅವಳಿಗೆ ನಗು ತಡೆಯಲಾಗಲಿಲ್ಲ.

"ಏನಕ್ಕಾ, ಒಬ್ಬಳೇ ನಗ್ತಿದ್ದೀಯ?" ಎಂದಳು ತಂಗಿ.

"ಇಲ್ಲಿ ಕಣ್ಣಿಟ್ಟು ನೋಡು."

ತಂಗಿ ನೋಡಿದಳು. ಮೆಲ್ಲಗೆ ಸೊಂಟ ನೆಟ್ಟಗೆ ಮಾಡಿಕೊಂಡಳು. "ಇದು ಅವರ ಕಚೇರಿ ಅಲ್ವಾ?"

"ಹೌದು. ಇನ್ನು ಮೇಲೆ ಹಗಲು ಹೊತ್ತಲ್ಲೇ ದೀಪ ಹಾಕ್ಕೊಂಡು ಕೂತಿರಲಿ, ಎಲ್ಲರ ಥರ."

"ಅಕ್ಕಾ, ನಿನಗೆ ಈ ಕಟ್ಟಡ ಬೇಕೋ, ಆ ಮುದುಕನ ಕಿಟಕಿ ಬೇಕೋ? ಒಂದು ಹೇಳು."

"ಎರಡೂ ಬೇಕು" ಎಂದಳು ಹಿತ್ತಲಮ್ಮ. "ಒಂದು ನನ್ನ ಹೆಸರಿಗೆ, ಇನ್ನೊಂದು ಹೊಟ್ಟೆ ತಣ್ಣಗಾಗೋಕೆ."

ಸಮಿತಿಯವರು ನಕ್ಷೆಯನ್ನು ಸಾರ್ವಜನಿಕರ ಮುಂದಿಟ್ಟರು. ನೆರೆಹೊರೆಯವರು ಬಂದು ಆಕ್ಷೇಪಣೆ ಹೇಳಬಹುದು, ಆಮೇಲೆ ಒಪ್ಪಿಗೆ. ಅವಳು ಎಲ್ಲದಕ್ಕೂ ಉತ್ತರ ಸಿದ್ಧಮಾಡಿಕೊಂಡಿದ್ದಳು. ನೆರೆಯವನ ಬೆಳಕಿಗೆ ಅಡ್ಡ ಬರಬಾರದು ಎಂಬ ನಿಯಮ ಆ ಊರಲ್ಲಿರಲಿಲ್ಲ. ಮೇಷ್ಟ್ರು ತಲೆಕೆಳಗಾಗಿ ನಿಂತರೂ ಆ ಗೋಡೆಯನ್ನು ಅಲುಗಿಸುವಂತಿರಲಿಲ್ಲ. ಅವಳಿಗೆ ಬೇಕಿದ್ದುದೂ ಅದೇ. ಅವರು ಎದ್ದು ನಿಲ್ಲಬೇಕು, ಗೋಗರೆಯಬೇಕು, ಆಗ ತಾನು ಮೆಲ್ಲಗೆ, ಅತ್ಯಂತ ಮರ್ಯಾದೆಯಿಂದ, "ಆಗಲ್ಲ ಮೇಷ್ಟ್ರೇ" ಎನ್ನಬೇಕು. ಆ ಎರಡು ಪದಗಳನ್ನು ಕನ್ನಡಿಯ ಮುಂದೆ ಹೇಳಿ ನೋಡಿಕೊಂಡಿದ್ದಳು.

ಸಭೆಯ ದಿನ ಮೇಷ್ಟ್ರು ಬಂದರು. ಎಂಬತ್ತರ ಹತ್ತಿರವಾಗಿತ್ತು, ಕೆಮ್ಮುತ್ತಿದ್ದರು, ಅಂಗಿ ಮಾತ್ರ ಇಸ್ತ್ರಿ ಮುರಿಯದ್ದು. ಚೌಕದ ಹೂವಿನ ಅಂಗಡಿಯವನು ಧೂಳಿನ ಬಗ್ಗೆ ಏನೋ ಕೇಳಿದ, ಅದು ಮುಗಿಯಿತು. ಅಧ್ಯಕ್ಷೆ ಮೇಷ್ಟ್ರ ಕಡೆ ತಿರುಗಿ, "ನಿಮ್ಮ ಕಚೇರಿ ಪಕ್ಕದಲ್ಲೇ ಇದೆ, ಏನಾದರೂ ಹೇಳೋದಿದೆಯಾ ಸರ್?" ಎಂದರು. ಹಿತ್ತಲಮ್ಮ ತನ್ನ ಎರಡು ಪದಗಳನ್ನು ನಾಲಗೆಯ ತುದಿಗೆ ತಂದುಕೊಂಡಳು.

"ಆಕ್ಷೇಪಣೆ ಏನಿಲ್ಲಮ್ಮ" ಎಂದರು ಮೇಷ್ಟ್ರು. "ನೋಡಿ ತುಂಬ ಸಂತೋಷ ಆಯ್ತು. ಈ ಹುಡುಗಿ ನನ್ನ ಕೈಯಲ್ಲಿ ಬೆಳೆದವಳು. ಆ ಅಂಗಳ, ಆ ಕಮಾನು, ಓಣಿಯ ಮೇಲೆ ಆ ಗೋಡೆ ನಿಲ್ಲಿಸಿರೋ ರೀತಿ, ಎಲ್ಲಾ ನಾನು ಹೇಳಿಕೊಟ್ಟದ್ದೇ. ಗೆರೆ ಅವಳದು, ಬುದ್ಧಿ ನಂದು. ಇದನ್ನ ನನ್ನದೇ ಕಟ್ಟಡ ಅಂದ್ಕೊಂಡು ಆಶೀರ್ವಾದ ಮಾಡ್ತೀನಿ."

ಯಾರೋ ಚಪ್ಪಾಳೆ ತಟ್ಟಿದರು. ಅಧ್ಯಕ್ಷೆ ಮುಗುಳ್ನಕ್ಕು, "ಗುರುಗಳೇ ಹೀಗಂದ ಮೇಲೆ ಇನ್ನೇನು" ಎಂದು ಪೆನ್ನು ಕೈಗೆತ್ತಿಕೊಂಡರು. ಸುಮ್ಮನೆ ಕೂತಿದ್ದರೆ ಸಾಕಿತ್ತು. ಒಂದೇ ಒಂದು ಗಳಿಗೆ ಸುಮ್ಮನಿದ್ದಿದ್ದರೆ ಕಟ್ಟಡವೂ ಅವಳದು, ಹೆಸರೂ ಅವಳದು, ಗೋಡೆಯೂ ಅವಳದು. ಆದರೆ ನಾಲಗೆ ಅವಳ ಮಾತು ಕೇಳಲಿಲ್ಲ. ವಾಚನಾಲಯವನ್ನು ನುಂಗಿದ ಬಾಯಿ ಈಗ ಇದನ್ನೂ ನುಂಗುತ್ತಿದೆ, ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದಾರೆ ಎಂಬುದೊಂದೇ ತಲೆಯಲ್ಲಿ. ಕುರ್ಚಿ ಹಿಂದಕ್ಕೆ ಬೀಳುವಂತೆ ಎದ್ದಳು.

"ನೀವು ಹೇಳಿಕೊಟ್ಟಿದ್ದಾ? ನಿಮ್ಮ ಬೆಳಕು ತೆಗೀಬೇಕು ಅಂತಲೇ ಆ ಗೋಡೆನ ಅಲ್ಲಿಟ್ಟಿದ್ದೀನಿ! ನಿಮ್ಮ ಕಿಟಕಿ ಕತ್ತಲಾಗಲಿ ಅಂತ! ಅದಕ್ಕೆ ಬೇರೆ ಯಾವ ಕಾರಣವೂ ಇಲ್ಲ. ಅದನ್ನೂ ನೀವೇ ಕಲಿಸಿದ್ದೇನು?"

ಅಧ್ಯಕ್ಷೆ ಪೆನ್ನು ಕೆಳಗಿಟ್ಟರು. ಧಣಿ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. ಮೇಷ್ಟ್ರ ಮುಖದಲ್ಲಿ ಮಾತ್ರ ಆಶ್ಚರ್ಯದ ಸುಳಿವೂ ಇರಲಿಲ್ಲ. ಆರಾಮವಾಗಿ ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸುತ್ತಿದ್ದರು. ಅದನ್ನು ನೋಡಿದಾಗ ಅವಳಿಗೆ ಅರ್ಥವಾಯಿತು. ಮುದುಕ ನಕ್ಷೆ ನೋಡಿದ ದಿನವೇ ಎಲ್ಲ ತಿಳಿದುಕೊಂಡಿದ್ದಾನೆ. ಆಕ್ಷೇಪಣೆಯಿಂದ ಆ ಗೋಡೆ ಬೀಳುವುದಿಲ್ಲ, ಬಿದ್ದರೆ ಇವಳ ಬಾಯಿಂದಲೇ ಬೀಳಬೇಕು ಎಂದು ಲೆಕ್ಕ ಹಾಕಿ, ಹೊಗಳಿಕೆಯ ಗಾಳ ಎಸೆದು ಕೂತಿದ್ದಾನೆ. ಅವಳು ಮೀನಿಗಿಂತ ಕಡೆಯಾಗಿ ಕಚ್ಚಿಕೊಂಡಿದ್ದಳು.

"ಸೇಡಿಗೆ ಅಂತ ಇಟ್ಟ ಗೋಡೆಗೆ ನಾವು ಮುದ್ರೆ ಹಾಕೋಕಾಗಲ್ಲ" ಎಂದರು ಅಧ್ಯಕ್ಷೆ. "ಎತ್ತರದ ಭಾಗ ದೊಡ್ಡ ರಸ್ತೆ ಕಡೆಗೆ ಹೋಗಲಿ. ಓಣಿ ಪಕ್ಕ ಏನು ಬರಬೇಕು ಅಂತ ನಿಮ್ಮ ಅಭಿಪ್ರಾಯ, ಸರ್?"

ಗೆದ್ದವರು ಅಲ್ಲಿಗೇ ಬಿಡಬೇಕಿತ್ತು. ಆದರೆ ಮೇಷ್ಟ್ರಿಗೂ ಒಂದು ಚಟ. ಸಭೆ ಸಿಕ್ಕರೆ ನಗಿಸದೆ ಕೂರುವವರಲ್ಲ. ಕನ್ನಡಕ ಏರಿಸಿಕೊಂಡು ಅವಳನ್ನು ಮೇಲಿಂದ ಕೆಳಗೆ ನೋಡಿದರು.

"ಒಂದಂತಸ್ತು ಮೀರದಿದ್ದರೆ ಸಾಕು, ಏನು ಬೇಕಾದರೂ ಮಾಡ್ಕೊಳ್ಳಲಿ. ಬೇಕಿದ್ದರೆ ಹೋಟೆಲಿನ ಹಿತ್ತಲನ್ನ ಅಲ್ಲಿಗೇ ತರಲಿ. ಅದೊಂದು ಕೆಲಸ ಅವಳಿಗೆ ಚೆನ್ನಾಗಿ ಬರುತ್ತೆ."

ಮತ್ತೆ ಅದೇ ನಗು. ಅಷ್ಟು ವರ್ಷದ ಹಿಂದಿನದಕ್ಕೂ ಇದಕ್ಕೂ ಒಂದಿಷ್ಟೂ ವ್ಯತ್ಯಾಸವಿರಲಿಲ್ಲ. ಆದರೆ ಈ ಸಲ ಅವಳು ಬಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿ, ಕೂತು, ಅಧ್ಯಕ್ಷೆಗೆ ಹೇಳಿದಳು, "ಅವರು ಹೇಳಿದ್ದನ್ನ ಹಾಗೇ ಬರೆಸಿಕೊಳ್ಳಿ ಮೇಡಂ. ಒಂದಂತಸ್ತು, ಹೋಟೆಲಿನ ಹಿತ್ತಲು. ನಾನು ಒಪ್ಪಿದ್ದೀನಿ." ಗುಮಾಸ್ತ ಬರೆದುಕೊಂಡ.

ಹೊರಗೆ ಮೆಟ್ಟಿಲ ಮೇಲೆ ಧಣಿ ಅವಳ ಮೇಲೆ ಹರಿಹಾಯ್ದ. "ನನ್ನ ಜಾಗದಲ್ಲಿ ನಿಮ್ಮ ಜಗಳ ಕಟ್ತೀರಾ? ಮಾನ ಹೋಯ್ತು ನಂದು! ಬೇರೆಯವರನ್ನ ಹುಡುಕೋಷ್ಟು ಪುರುಸೊತ್ತಿಲ್ಲ. ಕೆಲಸ ನೀವೇ ಮುಗಿಸಿ. ಆದರೆ ಕಲ್ಲಿನ ಮೇಲೆ ಹೆಸರು ನನ್ನ ಸೋದರಳಿಯನದು. ಅವನೂ ಆರ್ಕಿಟೆಕ್ಟೇ, ಗೊತ್ತಲ್ಲ. ಒಪ್ಪಿಗೆ ಇದ್ದರೆ ಮಾಡಿ, ಇಲ್ಲಾಂದ್ರೆ ಇಲ್ಲಿಗೇ ನಮಸ್ಕಾರ."

ಮನೆಯಲ್ಲಿ ತಂಗಿ ಪಾತ್ರೆ ಕುಕ್ಕಿದಳು. "ನಮಸ್ಕಾರ ಅಂದುಬಿಡು ಅಕ್ಕಾ. ಹೆಸರಿಗೋಸ್ಕರ ತಾನೇ ಇಷ್ಟೆಲ್ಲ ಬೆಂದದ್ದು? ಮತ್ತೆ ಇನ್ನೊಬ್ಬರ ಹೆಸರಿಗೆ ಬರೆದುಕೊಡ್ತೀಯಾ?"

"ಬರೆದುಕೊಡ್ತೀನಿ."

"ಯಾಕೆ?"

"ಬೇರೆ ಯಾರೇ ಮಾಡಿದರೂ ಓಣಿ ಪಕ್ಕ ನಾಲ್ಕು ಗಿಡ ನೆಟ್ಟು ಬೆಂಚು ಹಾಕ್ತಾರೆ" ಎಂದಳು ಹಿತ್ತಲಮ್ಮ.

ಅವಳು ಎತ್ತರದ ಭಾಗವನ್ನು ರಸ್ತೆಯ ಕಡೆಗೆ ಸಾಗಿಸಿದಳು. ಕಟ್ಟಡ ಮೊದಲಿಗಿಂತ ಚೆನ್ನಾಯಿತು, ಅದನ್ನು ಒಪ್ಪಿಕೊಳ್ಳಲು ಹೊಟ್ಟೆ ಉರಿದರೂ ಒಪ್ಪಿಕೊಂಡಳು. ಆಮೇಲೆ ಓಣಿಯ ಕಡೆ ತಿರುಗಿದಳು. ಆಯುಸ್ಸಿಡೀ ಬೇಡವೆಂದುಕೊಂಡು ಕಲಿತ ವಿದ್ಯೆಯನ್ನೆಲ್ಲ ಮೊದಲ ಸಲ ಇಷ್ಟಪಟ್ಟು ಅಲ್ಲಿ ಸುರಿದಳು. ಕಾಯಿಪಲ್ಲೆ, ಮೀನು, ಮಾಂಸದ ಲಾರಿಗಳು ಹಿಮ್ಮುಖವಾಗಿ ಬಂದು ನಿಲ್ಲುವ ಕಟ್ಟೆ. ದೊಡ್ಡ ಬಾಣಲೆಗಳನ್ನು ತಿಕ್ಕುವ ತೊಟ್ಟಿ. ಖಾಲಿ ಬಾಟಲಿ ಸುರಿಯುವ ಜಾಗ. ಹಸಿ ಕಸಕ್ಕೆ ಮುಚ್ಚಳದ ಡಬ್ಬಗಳ ಸಾಲು. ಒಲೆಗಳ ಹೊಗೆ ಎಳೆಯುವ ಫ್ಯಾನಿನ ಬಾಯಿ. ಯಾವುದೂ ನಿಯಮ ಮೀರಿರಲಿಲ್ಲ. ಇಳಿಜಾರು ಸರಿ, ಚರಂಡಿ ಸರಿ, ತೊಳೆಯಲು ನೀರು ಸರಿ. ತಪಾಸಣೆಗೆ ಬಂದ ಆರೋಗ್ಯ ಇಲಾಖೆಯವರು ಇಷ್ಟು ಅಚ್ಚುಕಟ್ಟಾದ ಹಿತ್ತಲನ್ನು ತಾವು ನೋಡಿಯೇ ಇಲ್ಲ ಎಂದು ಹೊಗಳಿಹೋದರು. ಎತ್ತರವೂ ಒಂದೇ ಅಂತಸ್ತು. ಮೇಲೆ ಆಕಾಶ ಹಾಗೇ ಇತ್ತು.

ಹೋಟೆಲು ತೆರೆದ ಮೇಲೆ ಕೆಲವು ತಿಂಗಳು ಅವಳು ಆ ಕಡೆ ಹೋಗಲಿಲ್ಲ. ಹೋದ ದಿನ ಮುಂಬಾಗಿಲ ಮುಂದೆ ನಿಂತಳು. ಕಮಾನಿನ ಕೆಳಗೆ ಜನ ಫೋಟೊ ತೆಗೆಸಿಕೊಳ್ಳುತ್ತಿದ್ದರು. ಕಲ್ಲಿನ ಮೇಲೆ ಸೋದರಳಿಯನ ಹೆಸರು, ಅಕ್ಷರಗಳಿಗೆ ಚಿನ್ನದ ಬಣ್ಣ. ಅದನ್ನು ಒಂದು ಸಲ ಓದಿ, ಕಟ್ಟಡ ಸುತ್ತಿಕೊಂಡು ಓಣಿಗೆ ಬಂದಳು.

ಲಾರಿಯೊಂದು ಪೀಂ ಪೀಂ ಎನ್ನುತ್ತ ಹಿಂದಕ್ಕೆ ಬರುತ್ತಿತ್ತು. ಬಾಣಲೆಗಳು ಧಡಬಡ ಬೀಳುತ್ತಿದ್ದವು. ಮೀನಿನ ಪೆಟ್ಟಿಗೆ ತೊಳೆದ ನೀರು, ಕರಿದ ಎಣ್ಣೆ, ಸುಟ್ಟ ಈರುಳ್ಳಿ ಎಲ್ಲ ಸೇರಿದ ಒಂದು ಗಾಳಿ ಓಣಿ ತುಂಬ ನಿಂತಿತ್ತು. ಮೇಷ್ಟ್ರ ಕಿಟಕಿಯ ಗಾಜಿನ ಬಾಗಿಲುಗಳೆಲ್ಲ ಮುಚ್ಚಿದ್ದವು, ಸಂದುಗಳಿಗೆ ಅಂಟುಪಟ್ಟಿ ಹಚ್ಚಿದ್ದರು. ಗಾಜಿನ ಮೇಲೆ ಎಣ್ಣೆಯ ಮಂಜು ಕೂತು ಒಳಗಿನದೇನೂ ಕಾಣುತ್ತಿರಲಿಲ್ಲ. ಒಳಗೆ ದೀಪ ಉರಿಯುತ್ತಿದ್ದುದು ಮಾತ್ರ ಗೊತ್ತಾಗುತ್ತಿತ್ತು. ಹಗಲಿನಲ್ಲಿ ದೀಪ! ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಬಾಗಿಲು ತೆರೆದು ಮೇಷ್ಟ್ರು ಹೊರಗೆ ಬಂದರು. ಮೂಗಿಗೆ ಕರವಸ್ತ್ರ. ಅವಳನ್ನು ನೋಡಿ ಕರವಸ್ತ್ರ ಕೆಳಗಿಳಿಸಿದರು.

"ನೋಡೋಕೆ ಬಂದೆಯಾ?"

"ಬಂದೆ ಮೇಷ್ಟ್ರೇ. ತಗ್ಗಾಗೇ ಇದೆಯಲ್ಲ? ನೀವು ಹೇಳಿದ ಹಾಗೇ ಮಾಡಿದ್ದೀನಿ. ಗೆರೆ ನಂದು, ಬುದ್ಧಿ ನಿಮ್ಮದು."

ಮೇಷ್ಟ್ರು ನಗಲಿಲ್ಲ, ಕೆಮ್ಮಿದರು. ಲಾರಿಯ ಕಟ್ಟೆಯನ್ನು, ತೊಟ್ಟಿಯನ್ನು, ಫ್ಯಾನಿನ ಬಾಯನ್ನು ಒಂದೊಂದಾಗಿ ನೋಡಿದರು. ಆಮೇಲೆ ಆಚೆ, ತಗ್ಗಿನ ಸೂರಿನ ಮೇಲಿಂದ ಕಾಣುತ್ತಿದ್ದ ಅಂಗಳದ ಕಮಾನುಗಳನ್ನು ಬಹಳ ಹೊತ್ತು ನೋಡಿದರು.

"ಆ ಕಮಾನು ಚೆನ್ನಾಗಿದೆ" ಎಂದರು. "ವಾಚನಾಲಯದ್ದಕ್ಕಿಂತ ಚೆನ್ನಾಗಿದೆ. ನನ್ನ ಕೈಲಿ ಅಷ್ಟು ಆಗ್ತಿರಲಿಲ್ಲ. ಆಗಲೂ ಆಗ್ತಿರಲಿಲ್ಲ." ಮತ್ತೆ ಕೆಮ್ಮು ಬಂತು. "ಕಲ್ಲಿನ ಮೇಲೆ ಬೇರೆ ಯಾರದೋ ಹೆಸರಿದೆ. ಸಮಿತಿಯವರು ಅವತ್ತಿನಿಂದ ಬುದ್ಧಿ ನಂದು ಅಂತಲೇ ನಂಬಿದ್ದಾರೆ. ನಿಂದು ಅಂತ ಗೊತ್ತಿರೋದು ನನಗೊಬ್ಬನಿಗೇ."

ಕರವಸ್ತ್ರ ಮೂಗಿಗೆ ಒತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಜೀವಮಾನವಿಡೀ ಯಾವ ಬಾಯಿಂದ ಆ ಮಾತು ಕೇಳಬೇಕೆಂದಿದ್ದಳೋ ಅದೇ ಬಾಯಿ ಹೇಳಿತ್ತು, ಸಾಕ್ಷಿಗೆ ಮೀನಿನ ಲಾರಿಯ ಡ್ರೈವರು ಬಿಟ್ಟರೆ ಇನ್ನಾರೂ ಇರಲಿಲ್ಲ.

ಬಸ್ಸಿನಲ್ಲಿ ಕೂತ ಮೇಲೆ ಅದು ಅವಳ ತಲೆಗೆ ಪೂರ್ತಿ ಹತ್ತಿತು. ಧಣಿ ಎಂದೂ ಹೇಳುವುದಿಲ್ಲ, ಸೋದರಳಿಯನಂತೂ ಹೇಳುವುದಿಲ್ಲ, ತಂಗಿ ಹೇಳಿದರೆ ಯಾರೂ ನಂಬುವುದಿಲ್ಲ. ಆ ಕಮಾನು ಅವಳದೆಂದು ಕಣ್ಣಿಂದಲೇ ಗುರುತು ಹಿಡಿದವರು ಭೂಮಿಯ ಮೇಲೆ ಒಬ್ಬರೇ, ಅವರೂ ದಿನದಿನಕ್ಕೆ ಅವಳೇ ಬೀಸಿದ ಹೊಗೆಯಲ್ಲಿ ಕೆಮ್ಮುತ್ತಿದ್ದಾರೆ. ಸಾಯಲಿ ಎಂದು ವರ್ಷಗಟ್ಟಲೆ ಶಪಿಸಿದ ಆ ಮುದುಕನಿಗೆ ದೇವರು ನೂರು ವರ್ಷ ಆಯುಸ್ಸು ಕೊಡಲೆಂದು ಅವಳು ಮನಸಾರೆ ಬೇಡಿಕೊಂಡಳು. ನೂರು ವರ್ಷ, ಆ ಓಣಿಯಲ್ಲೇ, ಆ ಕಿಟಕಿಯ ಹಿಂದೆಯೇ. ಅಳು ಬಂತು, ಪಕ್ಕದವರಿಗೆ ಕಾಣದಂತೆ ಮುಖ ತಿರುಗಿಸಿಕೊಂಡಳು.